ಸರ್ಕಾರಿ ಶಾಲೆಗೆ ಎಂಥ ಪಾಲುಗಾರ?

ಬಡದೇಶಗಳ ಸರ್ಕಾರಿ ಶಾಲೆಗಳು ದುಃಸ್ಥಿತಿಗೆ ಇಳಿದಿವೆ, ಸರ್ಕಾರವೊಂದೇ ಅವುಗಳನ್ನು ಉದ್ಧರಿಸಲಾರದು, ಆದುದರಿಂದ ಖಾಸಗಿ ಸಂಸ್ಥೆಗಳನ್ನು ಪಾಲುಗಾರರನ್ನಾಗಿ ಮಾಡಿಕೊಳ್ಳಬೇಕು ಎಂಬ ವಾದವು ವಿದ್ಯಾವಂತರ ಸಭೆಗಳಲ್ಲಿ ಪದೇಪದೇ ಕೇಳಿಬರುತ್ತಿದೆ. ಈ ಪಕ್ಷದವರು ಮುಂದಿಡುವ ದೃಷ್ಟಾಂತಗಳಲ್ಲಿ ಪಶ್ಚಿಮ ಆಫ್ರಿಕದ ಲೈಬೀರಿಯ ದೇಶದ್ದು ಮುಖ್ಯವಾದುದು. ಅದನ್ನು ಅವರು ಅರ್ಧ ಹೇಳಿ ನಿಲ್ಲಿಸುವರಾದುದರಿಂದ ಪೂರ್ತಿಯಾಗಿ ನೋಡುವುದು ಅವಶ್ಯ.

1989ರಿಂದ 2003ರವರೆಗೆ ಎರಡು ಅಂತರ್ಯುದ್ಧಗಳು ಆ ನಾಡನ್ನು ಸುಟ್ಟುವು. ಚೇತರಿಸಿಕೊಳ್ಳುವಷ್ಟರಲ್ಲಿ 2014ರಲ್ಲಿ ಎಬೋಲ ಎಂಬ ಮಹಾವ್ಯಾಧಿ ಬಂದು ಶಾಲೆಗಳ ಬಾಗಿಲನ್ನೇ ಮುಚ್ಚಿಸಿತು. 2016ರಲ್ಲಿ ಅಲ್ಲಿನ ವಿದ್ಯಾಮಂತ್ರಿಗಳು ದೇಶದ ಪ್ರಾಥಮಿಕ ಶಾಲೆಗಳನ್ನು ಬ್ರಿಜ್ ಎಂಬ ಒಂದೇ ವ್ಯಾಪಾರ ಸಂಸ್ಥೆಗೆ ಒಪ್ಪಿಸುವ ಯೋಚನೆಯನ್ನು ಪ್ರಕಟಿಸಿದರು. ಉಪಾಧ್ಯಾಯರು ಪ್ರತಿಭಟಿಸಿದರು; ವಿಶ್ವಸಂಸ್ಥೆಯಲ್ಲಿ ಶಿಕ್ಷಣದ ಹಕ್ಕಿನ ಪರವಾಗಿ ವರದಿಗಾರರಾಗಿದ್ದ ಭಾರತೀಯ ಕಿಶೋರ್ ಸಿಂಗರು ಇದನ್ನು ಬಲವಾಗಿ ಖಂಡಿಸಿದರು. ಕೊನೆಗೆ ಯೋಜನೆಯನ್ನು ಕುಗ್ಗಿಸಿ, 93 ಶಾಲೆಗಳನ್ನು ಎಂಟು ಸಂಸ್ಥೆಗಳಿಗೆ ಹಂಚಿ ಪ್ರಯೋಗವಾಗಿ ನಡೆಸಲಾಯಿತು. ಶಾಲೆ ಸರ್ಕಾರದ್ದೇ, ಉಪಾಧ್ಯಾಯರ ಸಂಬಳವೂ ಸರ್ಕಾರದ್ದೇ. ಮಕ್ಕಳಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಆಡಳಿತ ಮಾತ್ರ ಸಂಸ್ಥೆಯದು.

ಫಲವೇನಾಯಿತು? ಸತ್ಯವನ್ನು ಮರೆಮಾಡಬಾರದು. ಶಾಲೆಗಳನ್ನು ಚೀಟಿ ಎತ್ತಿದಂತೆ ಆರಿಸಿ ವಿದ್ವಾಂಸರು ಪರೀಕ್ಷಿಸಿದಾಗ, ಈ ಶಾಲೆಗಳ ಮಕ್ಕಳು ಒಂದು ವರ್ಷದಲ್ಲಿ ಉಳಿದವರಿಗಿಂತ ಶೇಕಡ 60ರಷ್ಟು ಹೆಚ್ಚು ಕಲಿತಿದ್ದುದು ಕಂಡುಬಂದಿತು. ಮುನ್ಸೂಚನೆಯಿಲ್ಲದೆ ಹೋಗಿ ನೋಡಿದರೆ, ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ 40 ಮಂದಿ ಉಪಾಧ್ಯಾಯರು ಹಾಜರಿದ್ದರೆ, ಇಲ್ಲಿ 60 ಮಂದಿ ಇದ್ದರು. ಉಪಾಧ್ಯಾಯ ವರ್ಗದ ಪರವಾಗಿ ಮಾತನಾಡುವವರು ಈ ಅಂಕಿಗಳ ಮುಂದೆ ತಲೆ ತಗ್ಗಿಸಲೇಬೇಕು. ಗುರುವೇ ಬಾರದ ಶಾಲೆಯಲ್ಲಿ ಪಾಠಕ್ರಮದ ಗುಣದೋಷ ವಿಚಾರವು ವಂಧ್ಯಾಪುತ್ರನ ಜಾತಕವನ್ನು ಬರೆದಂತೆ.

ಆದರೆ ವಾದಿಗಳು ಇಲ್ಲಿಗೇ ಪುಸ್ತಕವನ್ನು ಮುಚ್ಚುವರು. ಮುಂದಿನ ಪುಟದಲ್ಲಿ ಏನಿದೆ? ಹೆಚ್ಚು ಶಾಲೆಗಳನ್ನು ಪಡೆದ ಬ್ರಿಜ್ ಸಂಸ್ಥೆಯು ಅಲ್ಲಿದ್ದ ಉಪಾಧ್ಯಾಯರಲ್ಲಿ ಹೆಚ್ಚುಕಡಮೆ ಮುಕ್ಕಾಲುಪಾಲು ಮಂದಿಯನ್ನು ತನ್ನ ಶಾಲೆಗಳಿಂದ ಹೊರಗೆ ಕಳುಹಿಸಿತು. ತರಗತಿಯಲ್ಲಿ ಮಕ್ಕಳು ಹೆಚ್ಚಾಗಿದ್ದೆಡೆ, ಮಿತಿಯನ್ನು ಮೀರಿದ ಮಕ್ಕಳನ್ನೂ ಹೊರಡಿಸಿತು. ಒಪ್ಪಂದವೇ ಇದಕ್ಕೆ ಎಡೆಗೊಟ್ಟಿತ್ತು. ಶಿಕ್ಷಣ ಪಡೆದು ಹೊಸದಾಗಿ ಬಂದ ಉಪಾಧ್ಯಾಯರಲ್ಲಿ ಮೊದಲ ಆಯ್ಕೆ ಈ 93 ಶಾಲೆಗಳಿಗೇ ಸಂದಿತು. ಸರ್ಕಾರವು ಮಗುವೊಂದಕ್ಕೆ ವರ್ಷಕ್ಕೆ ಸುಮಾರು 50 ಡಾಲರು ವೆಚ್ಚಮಾಡುತ್ತಿದ್ದರೆ, ಇಲ್ಲಿ ದಾನಿಗಳಿಂದ ಇನ್ನೂ 50 ಡಾಲರು ಬಂದಿತು. ಕೆಲವು ಸಂಸ್ಥೆಗಳು ಅದರ ಹಲವು ಪಟ್ಟು ಸುರಿದವು. ಒಂದು ಅಗುಳು ಬೆಂದಿದ್ದರೆ ಪಾತ್ರೆಯ ಅನ್ನವೆಲ್ಲ ಬೆಂದಿದೆ ಎನ್ನುವುದು ಸ್ಥಾಲೀಪುಲಾಕ ನ್ಯಾಯ. ಆ ಒಂದು ಅಗುಳಿಗೆ ಬೇರೆ ಒಲೆಯನ್ನೂ ಬೇರೆ ಸೌದೆಯನ್ನೂ ಹೂಡಿದ್ದರೆ ಆ ನ್ಯಾಯವು ಸಲ್ಲುವುದೆಂತು? ಮೂರು ವರ್ಷಗಳ ನಂತರ ಪುನಃ ಅಳೆದಾಗ ಮೊದಲ ವರ್ಷದ ಲಾಭವು ಹೆಚ್ಚೇನೂ ಬೆಳೆದಿರಲಿಲ್ಲ. ಶಾಲೆ ಬಿಡುವ ಮಕ್ಕಳ ಸಂಖ್ಯೆ ಮಾತ್ರ ಏರಿತ್ತು.

ಪಾಲುಗಾರಿಕೆಯೆಂಬುದು ಹೊಸ ಕಲ್ಪನೆಯೇನೂ ಅಲ್ಲ. ಸ್ಮೃತಿಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ‘ಸಂಭೂಯಸಮುತ್ಥಾನ’ವೆಂದು ಇದಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟಿರುವರು. ಕೂಡಿ ವ್ಯಾಪಾರ ಮಾಡುವವರು ಲಾಭವನ್ನು ಹೇಗೋ ಹಾಗೆಯೇ ನಷ್ಟವನ್ನೂ ತಮ್ಮತಮ್ಮ ಪಾಲಿಗನುಸಾರವಾಗಿ ಹೊರಬೇಕು. ವಂಚಿಸುವವನನ್ನು ಲಾಭ ಕೊಡದೆ ಹೊರಹಾಕಬೇಕು ಎಂಬುದು ಅಲ್ಲಿನ ವಿಧಿ. ಹೊರದೂಡಿದ ಉಪಾಧ್ಯಾಯನು ಹೋದುದೆಲ್ಲಿಗೆ? ಸರ್ಕಾರದ ಲೆಕ್ಕದಲ್ಲೇ ಉಳಿದವನಾದರೆ ನೆರೆಯ ಶಾಲೆಗೆ. ಸ್ಥಳವಿಲ್ಲವೆನ್ನಿಸಿಕೊಂಡ ಮಗು ಹೋಗಬೇಕಾದುದೂ ಅಲ್ಲಿಗೇ; ಇಲ್ಲವೆ ಮನೆಗೆ. ಲಾಭವು ಪಾಲುಗಾರನ ವರದಿಯಲ್ಲಿ, ನಷ್ಟವು ನೆರೆಯೂರ ಶಾಲೆಯ ತಲೆಯ ಮೇಲೆ! ಇಂಥವನನ್ನು ಗುತ್ತಿಗೆದಾರನೆನ್ನಬಹುದು, ಪಾಲುಗಾರನೆನ್ನುವುದು ಭಾಷೆಗೆ ಮಾಡುವ ಅಪಚಾರ.

“ಸೋಮಾರಿ ಉಪಾಧ್ಯಾಯರನ್ನು ಕಳುಹಿಸದೆ ಶಾಲೆ ಸುಧಾರಿಸುವುದು ಹೇಗೆ?” ಎಂಬುದು ಅವರ ಕೊನೆಯ ಶಂಕೆ. ಇದಕ್ಕೆ ಉತ್ತರವು ಅದೇ ಬ್ರಿಜ್ ಸಂಸ್ಥೆಯ ಚರಿತ್ರೆಯಲ್ಲಿಯೇ ಇದೆ. 2018ರಲ್ಲಿ ನೈಜೀರಿಯದ ಎಡೊ ಪ್ರಾಂತದ ಸರ್ಕಾರವು ಅದರ ನೆರವನ್ನು ಪಡೆಯಿತು. ಆದರೆ ತನ್ನ ಉಪಾಧ್ಯಾಯರನ್ನೇ ಇಟ್ಟುಕೊಂಡು ಅವರಿಗೇ ಶಿಕ್ಷಣ ಕೊಡಿಸಿತು. ಸಂಸ್ಥೆ ಅದೇ, ಒಪ್ಪಂದ ಬೇರೆ. ಆ ಪದ್ಧತಿಯ ಪಾಠ, ಪದಪದವಾಗಿ ಬರೆದುಕೊಟ್ಟುದನ್ನು ಯಂತ್ರದ ಹಲಗೆಯಲ್ಲಿ ನೋಡಿ ಓದುವಂಥದು, ಸರಿಯೇ ಎಂಬುದು ಬೇರೆ ಚರ್ಚೆ.

ಅಷ್ಟು ದೂರವೇಕೆ? ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ‘ನಲಿ-ಕಲಿ’ಯನ್ನು ನೋಡಬಹುದು. ಅದೂ ಪಾಲುಗಾರಿಕೆಯೇ. ನೆರವು ಯುನಿಸೆಫ್‌ನದು, ಮಾದರಿ ಆಂಧ್ರದ ಮದನಪಲ್ಲೆಯ ಬಳಿಯ ಋಷಿವ್ಯಾಲಿಯ ಹಳ್ಳಿಶಾಲೆಗಳದು. ಆದರೆ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬಂದವರು, ಕಲಿಕೆಯ ಕಾರ್ಡುಗಳನ್ನು ತಾವೇ ಕುಳಿತು ಸಿದ್ಧಪಡಿಸಿದವರು, ಆ ತಾಲ್ಲೂಕಿನ ಸರ್ಕಾರಿ ಉಪಾಧ್ಯಾಯರು. ಯಾರನ್ನೂ ಹೊರದೂಡಲಿಲ್ಲ. 2009–10ರಲ್ಲಿ ಅದು ರಾಜ್ಯದ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಆಜ್ಞೆಯ ಮೂಲಕ ಹರಡಿದಾಗ ಮೊದಲಿನ ಉತ್ಸಾಹವು ಎಲ್ಲೆಡೆಯೂ ಉಳಿಯಲಿಲ್ಲವೆಂಬ ದೂರು ಯಥಾರ್ಥವೇ. ಒಂದೇ ಕೊಠಡಿಯಲ್ಲಿ ಹಲವು ತರಗತಿಗಳನ್ನು ನಡೆಸುವ ಕಷ್ಟವೂ ಸಣ್ಣದಲ್ಲ. ಹಾಗಿದ್ದರೂ ಆ ಉತ್ಸಾಹವು ಒಮ್ಮೆ ಹುಟ್ಟಿದುದು ‘ನಿರುಪಯೋಗಿ’ಗಳೆಂದು ವಾದಿಗಳು ತಳ್ಳಿಹಾಕುವ ವರ್ಗದಲ್ಲಿಯೇ ಎಂಬುದನ್ನು ಅಲ್ಲಗಳೆಯಲಾಗದು.

ಲೈಬೀರಿಯದಲ್ಲಿ ಅತ್ಯಂತ ದೊಡ್ಡ ಪಾಲು ಸ್ಪರ್ಧೆಯ ಟೆಂಡರಿಲ್ಲದೆಯೇ ಗೊತ್ತಾಗಿತ್ತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿಯಾದರೋ 2001ರಿಂದ ತಂದೆತಾಯಿಗಳನ್ನೊಳಗೊಂಡ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಾಲೆಯನ್ನು ದತ್ತು ತೆಗೆದುಕೊಳ್ಳುವೆವೆಂದು ಬರುವ ಯಾವ ಸಂಸ್ಥೆಯೇ ಆಗಲಿ, ತನ್ನ ಒಪ್ಪಂದದ ಕರಡನ್ನು ಮೊದಲು ಈ ಸಮಿತಿಯ ಮುಂದೆ ಕನ್ನಡದಲ್ಲಿ ಓದಿಹೇಳತಕ್ಕದ್ದು. ಇರುವ ಉಪಾಧ್ಯಾಯರಲ್ಲಿ ಎಷ್ಟು ಮಂದಿಯನ್ನು ಕಳುಹಿಸುವಿರಿ, ಎಲ್ಲಿಗೆ? ತರಗತಿಗೆ ಮಿತಿಯಿದೆಯೇ? ಇದ್ದರೆ ಮಿತಿಯ ಆಚೆಯ ಮಗುವಿಗೆ ಪಾಠ ಹೇಳುವವರು ಯಾರು? ನಿಮ್ಮ ಹಣ ಮುಗಿದ ವರ್ಷ ಶಾಲೆಯ ಗತಿಯೇನು? ಉತ್ತರಗಳನ್ನು ನಡವಳಿಯ ಪುಸ್ತಕದಲ್ಲಿ ಬರೆಸಿಕೊಂಡ ಬಳಿಕವೇ ಸಮಿತಿಯವರು ರುಜು ಹಾಕಲಿ.