ಕಲ್ಲಿಗೆ ಹೊಳಪು, ನೀರಿನಲ್ಲೇ

ಮಮದಾಪುರವಿರುವ ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವುದು ಮರಳುಗಲ್ಲಿನ ಬಂಡೆಯ ಮೇಲಿಂದ. ಈ ಕಲ್ಲಿನ ಮುಖ್ಯ ಖನಿಜ ಬೆಣಚು. ಮೋಸ್ ಮಾಪಕದಲ್ಲಿ ಅದರ ಗಡಸುತನ 7. ಚಾಕುವಿನದು ಸುಮಾರು ಐದೂವರೆ. ಹಾಗಾದರೆ ಮಕ್ಕಳು ಆಯ್ದು ತಂದ ಬೆಣಚುಕಲ್ಲನ್ನು ಯಾವುದರಿಂದ ಉಜ್ಜಬೇಕು?

ಸಿಲಿಕಾನ್ ಕಾರ್ಬೈಡ್‌ನ ಗಡಸುತನ 9ಕ್ಕೂ ಹೆಚ್ಚು. ಅದರ ಪುಡಿ ಅಂಟಿಸಿದ ವಾಟರ್ ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೊದಲು 120, ಆಮೇಲೆ 220, 400, 600 ನಂಬರಿನದು. ಪ್ರತಿ ಸಲವೂ ಕಲ್ಲನ್ನು ತೊಳೆಯಬೇಕು. ಒಂದು ಒರಟು ಕಣ ಉಳಿದರೂ ಹೊಸ ಗೀರು ಬೀಳುತ್ತದೆ.

ಒಣಗಲ್ಲನ್ನು ಮಾತ್ರ ಎಂದೂ ಉಜ್ಜಬಾರದು, ಯಂತ್ರದಿಂದ ಕೊಯ್ಯಬಾರದು. ಬೆಣಚಿನ ಸೂಕ್ಷ್ಮ ಧೂಳು ಶ್ವಾಸಕೋಶ ಸೇರುತ್ತಾ ಹೋದರೆ ಸಿಲಿಕೋಸಿಸ್ ಬರಬಹುದು. ಅದನ್ನು ಗುಣಪಡಿಸುವ ಮದ್ದಿಲ್ಲ. ಬುಟ್ಟಿ ತುಂಬ ಕಲ್ಲು ತಂದ ಮಕ್ಕಳನ್ನು ಪಾಲಕರು ಗದರುವುದು ಬೇಡ. ಒಂದು ಬಕೆಟ್ ನೀರು ಕೊಟ್ಟು ಜತೆಗೆ ಕುಳಿತರೆ ಸಾಕು.