ಜಾಲಿ ನಿಂತದ್ದೂ ಕಾಡೇ

ಅಥಣಿಯಲ್ಲಿ ಕಾಡು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಕಾಲಲ್ಲಿನ ಚಪ್ಪಲಿ ತೋರಿಸುತ್ತೇನೆ. ನಮ್ಮದು ಚಪ್ಪಲಿ ಹೊಲಿಯುವ ಮನೆ. 2019ರಲ್ಲಿ ಜಿಐ ಟ್ಯಾಗ್ ಪಡೆದ ಕೊಲ್ಹಾಪುರಿ ಚಪ್ಪಲಿಗೆ ಬೆಳಗಾವಿ ಜಿಲ್ಲೆಯೂ ತವರು. ಅದರ ತೊಗಲು ಹದವಾಗುವುದು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ. ಚಿಕ್ಕಂದಿನಲ್ಲಿ ಅಪ್ಪನ ಜತೆ ತೊಗಟೆಗೆಂದು ಹೊರಟರೆ, ಊರ ದನಕರು ಮೇಯುವ ಗಾಯರಾಣ ದಾಟುವುದರೊಳಗೆ ಹೊರೆ ತುಂಬುತ್ತಿತ್ತು.

ಆ ಜಾಲಿಯನ್ನು ಯಾರೂ ನೆಟ್ಟಿರಲಿಲ್ಲ. ಬೇಸಿಗೆಯಲ್ಲಿ ಆಡು, ಕುರಿ ಅದರ ಕಾಯಿ ತಿನ್ನುತ್ತಿದ್ದವು. ಗಟ್ಟಿ ಬೀಜ ಅವುಗಳ ಹೊಟ್ಟೆಯಲ್ಲಿ ಹದವಾಗಿ, ಹಿಕ್ಕೆಯೊಡನೆ ಬಿದ್ದು, ಮಳೆಗೆ ಮೊಳೆಯುತ್ತಿತ್ತು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಎರೆ ಮಣ್ಣಿಗೆ ಸೇರಿಸುತ್ತಿದ್ದವು. ನೆರಳು ತೆಳ್ಳಗಾದ್ದರಿಂದ ಅಡಿಯಲ್ಲಿ ಹುಲ್ಲು, ಹುಲ್ಲಿಗೆ ಮತ್ತೆ ಕುರಿ. ಕೃಷ್ಣೆಯ ನೀರು ಬಂದು ಬುಡದಲ್ಲಿ ನಿಂತರೂ ಜಾಲಿ ತಾಳುತ್ತದೆ, ಬರಕ್ಕೂ ಬಗ್ಗುವುದಿಲ್ಲ.

ನೀರಾವರಿಯ ಬೆನ್ನಿಗೇ ಕಬ್ಬು ಬಂತು. ಟ್ರ್ಯಾಕ್ಟರ್ ತಿರುಗಲು ಅಡ್ಡವೆಂದು ಒಡ್ಡಿನ ಜಾಲಿ ಹೋಯಿತು. ಕಬ್ಬು ಬೆಳೆದವರನ್ನು ದೂರಲಾರೆ, ನಮ್ಮ ಚಪ್ಪಲಿ ಕೊಳ್ಳುವವರೂ ಅವರೇ. ಖಾಲಿ ಬಿದ್ದ ಜಾಗಕ್ಕೆ ಅಮೆರಿಕದ ಕಡೆಯಿಂದ ಬಂದ ಬಳ್ಳಾರಿ ಜಾಲಿ ಹೊಕ್ಕಿತು. ಅದರ ಬೀಜ ಹೊತ್ತು ತಿರುಗುವುದೂ ಅದೇ ಆಡು, ಕುರಿಯೇ. ಆದರೆ ಆ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ.

ನನ್ನ ತಕರಾರು ಗಾಯರಾಣವನ್ನು ‘ಪಾಳು ಭೂಮಿ’ ಎಂದು ಕರೆದು, ಜೂನ್ 5ರ ಪರಿಸರ ದಿನ ಬಂತೆಂದರೆ ಗಿಡ ನೆಡಲು ಗುಂಡಿ ತೋಡಲು ಓಡುವ ರೂಢಿಯ ಮೇಲೆ. ರಾಣೆಬೆನ್ನೂರಿನ ಪಾಠ ನಮ್ಮೆದುರಿಗಿದೆ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾದ ಆ ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆಸಿದರು. ಗಿಡ ಎದ್ದಂತೆ ಬಯಲು ಮುಚ್ಚಿತು. ಬಯಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ ಅಲ್ಲಿಂದ ಕಾಣೆಯಾಯಿತು.

ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಿಸಿ, ಗಾಯರಾಣಕ್ಕೆ ಮೇವಿನ ಸರದಿ ಕಟ್ಟಿಕೊಡಿ, ಸಾಕು. ಒಂದು ಭಾಗಕ್ಕೆ ಎರಡು ಮಳೆಗಾಲ ಕುರಿ ಬಿಡದೆ, ಇನ್ನೊಂದರಲ್ಲಿ ಮೇಯಿಸಿ. ಆ ಸರದಿಯನ್ನು ಕುರಿಗಾರರೇ ಕೂತು ನಿರ್ಧರಿಸಲಿ. ಊರ ಜಾಲಿ ತಾನಾಗಿ ಎದ್ದೀತು.

ತೊಗಟೆ ಈಗ ಬೇರೆ ಊರಿಂದ ಚೀಲದಲ್ಲಿ ಬರುತ್ತದೆ. ಚೀಲ ಬರಿದಾದಾಗ ನನ್ನ ಮಗ ಗಾಯರಾಣದತ್ತ ನೋಡುವುದಿಲ್ಲ, ಫೋನ್ ತೆಗೆಯುತ್ತಾನೆ.