ಸ್ಕೋರು ಕೇಳುವವರಿಗೆ

ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾವು ಗಾಜಾದ ಸುದ್ದಿ ಕೇಳುವುದು ಕ್ರಿಕೆಟ್ ಸ್ಕೋರು ಕೇಳಿದ ಹಾಗೆ: ಇವತ್ತು ಎಷ್ಟು? ಯಾರ ಕಡೆ? ಸ್ವಾಮಿ, ಒಂದು ಗಳಿಗೆ ಫೋನು ಕೆಳಗಿಡಿ.

ಇಬ್ಬರು ಹುಡುಗಿಯರ ಕಥೆ ಕೇಳಿ. ಸ್ಮದಾರ್ ಜೆರುಸಲೇಮಿನ ಇಸ್ರೇಲಿ ಹುಡುಗಿ, 13 ವರ್ಷ. 1997ರ ಸೆಪ್ಟೆಂಬರ್ 4ರಂದು ಬೆನ್ ಯೆಹುದಾ ಬೀದಿಗೆ ಹೋದವಳು ಆತ್ಮಾಹುತಿ ಬಾಂಬಿಗೆ ಸಿಕ್ಕಿ ಸತ್ತಳು. ಅಬೀರ್ ಪಕ್ಕದ ಪ್ಯಾಲೆಸ್ಟೀನಿ ಊರು ಅನಾತಾದವಳು, 10 ವರ್ಷ. 2007ರ ಜನವರಿಯಲ್ಲಿ ಅಂಗಡಿಯಿಂದ ಮಿಠಾಯಿ ಕೊಂಡು ಹೊರಟಿದ್ದಳು. ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡು ತಲೆಗೆ ಬಡಿದು ಸತ್ತಳು. ಯಾರ ಮೇಲೂ ಕೊಲೆಯ ಮೊಕದ್ದಮೆ ಹೂಡಲಿಲ್ಲ. ಸರ್ಕಾರವೇ ಹೊಣೆ ಎಂದು ನ್ಯಾಯಾಲಯದಿಂದ ಹೇಳಿಸಲು ತಂದೆ ವರ್ಷಗಟ್ಟಲೆ ಅಲೆದರು.

ಆ ತಂದೆ ಬಸ್ಸಾಮ್ ಅರಾಮಿನ್. 17ನೇ ವಯಸ್ಸಿಗೆ ಇಸ್ರೇಲಿನ ಜೈಲು ಸೇರಿ ಏಳು ವರ್ಷ ಕಳೆದವರು. ಸ್ಮದಾರಳ ತಂದೆ ರಾಮಿ ಎಲ್ಹನಾನ್, ಆಶ್ವಿಟ್ಸ್‌ನ ನಾಜಿ ಶಿಬಿರದಿಂದ ಬದುಕಿ ಬಂದವರ ಮಗ. ಇಬ್ಬರೂ ಇಂದು ಒಬ್ಬರನ್ನೊಬ್ಬರು ಸಹೋದರ ಅಂತ ಕರೆಯುತ್ತಾರೆ. ಇಬ್ಬರೂ ಇರುವ 'ಪೇರೆಂಟ್ಸ್ ಸರ್ಕಲ್' 1995ರಲ್ಲಿ ಹುಟ್ಟಿದ್ದು, ಹಮಾಸ್ ಕೊಂದ ಮಗನ ತಂದೆಯೊಬ್ಬರ ಸಂಕಟದಿಂದ. ಅಲ್ಲಿ ಸೇರಲು ಅರ್ಹತೆ ಒಂದೇ, ಈ ಸಂಘರ್ಷದಿಂದ ಮನೆಯಲ್ಲೊಂದು ಸಾವು. ಹೊಸ ಸದಸ್ಯರು ಬಾರದಿರಲೆಂದು ಬೇಡುವ ಸಂಘ ಅದು.

ನನ್ನನ್ನು ಕಾಡುವುದು ರಾಮಿ ಹೇಳಿಕೊಂಡ ಒಂದು ಸಂಗತಿ. ಪ್ಯಾಲೆಸ್ಟೀನಿಯನ್ನರನ್ನು ಬೀದಿಯ ಕೂಲಿಗಳಾಗಿ, ಇಲ್ಲವೇ ಭಯೋತ್ಪಾದಕರಾಗಿ ಅಲ್ಲ, ಎದುರು ಕೂತ ಮನುಷ್ಯರಾಗಿ ಅವರು ಮೊದಲು ನೋಡಿದ್ದು 47ನೇ ವಯಸ್ಸಿನಲ್ಲಿ. ಕೆಲವೇ ಕಿಲೋಮೀಟರ್ ಆಚೆಯ ಜನರನ್ನು! ಇನ್ನು ಪ್ಯಾಲೆಸ್ಟೀನಿಯನ್ನರ ನಡುವೆ ಬೆಳೆಯುವ ಮಗುವಿಗೆ ಯಹೂದಿ ಎಂದರೆ ಚೆಕ್‌ಪೋಸ್ಟಿನಲ್ಲಿ ಬಂದೂಕು ಹಿಡಿದವನು, ಅಷ್ಟೇ. ಯುದ್ಧ ನಿಂತರೂ ಈ ಕುರುಡು ನಿಲ್ಲುವುದಿಲ್ಲ. ಅದನ್ನು ಕಳೆಯಲು ಸಂಘದ ಅಪ್ಪ ಅಮ್ಮಂದಿರು ಇಸ್ರೇಲಿನ ಶಾಲೆಗಳಿಗೆ ಜೋಡಿಯಾಗಿ ಹೋಗುತ್ತಿದ್ದರು. 2023ರಲ್ಲಿ ಶಿಕ್ಷಣ ಇಲಾಖೆ ಅದಕ್ಕೂ ಬಾಗಿಲು ಹಾಕಿತು. ನಾಚಿಕೆಗೇಡು.

ಎರಡೂ ಕಡೆ ಸಮಸಮ ಎನ್ನುತ್ತಿಲ್ಲ. ಒಬ್ಬರು ಆಳುವವರು, ಇನ್ನೊಬ್ಬರು ಆಳಿಸಿಕೊಳ್ಳುವವರು; ರಾಮಿಯೇ ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ಆದರೆ 2023ರ ಅಕ್ಟೋಬರ್ 7ರಂದು ಹಮಾಸ್ ಕೊಂದ ಸುಮಾರು 1,200 ಜನರಲ್ಲಿ ವಿವಿಯನ್ ಸಿಲ್ವರ್ ಕೂಡ ಇದ್ದರು, ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಅಜ್ಜಿ. ಆಮೇಲೆ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಮಕ್ಕಳೇ ಸಾವಿರ ಸಾವಿರ.

ಅಕ್ಟೋಬರ್ 7ರ ಬೆಳಿಗ್ಗೆ ನಮ್ಮ ಕರಾವಳಿಯ ಮನೆಗಳೂ ನಡುಗಿದವು. ಇಸ್ರೇಲಿನಲ್ಲಿ ಮುದುಕರ ಆರೈಕೆ ಮಾಡುವ ಕರಾವಳಿಯವರು ಕಡಿಮೆಯೇನಲ್ಲ. ಹಾಗಿರುವಾಗ ನಮಗೇಕೆ ಸ್ಕೋರು ನೋಡಿ ಹೊಡೆಯುವ ಈ ಚಪ್ಪಾಳೆ? ನಾಳೆ ನಿಮ್ಮ ಫೋನಿಗೆ ಇನ್ನೊಂದು ಮಗುವಿನ ಚಿತ್ರ ಬರುತ್ತದೆ. ಯಾವ ಕಡೆಯದೆಂದು ಕೇಳುವ ಮೊದಲು, ದಯವಿಟ್ಟು, ಹೆಸರು ಕೇಳಿ.